ಹಾಡುಗಾರ್ತಿಯ ಕಲ್ಲು

ಹಾರೋಹಳ್ಳಿಯ ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ಅಂಕಯ್ಯನಿಗೆ ಕಲ್ಲಿನ ಮಾತು ಕೇಳುವ ಕೆಲಸ. ಪುಟ್ಟ ಸುತ್ತಿಗೆಯಿಂದ ಚಪ್ಪಡಿಯನ್ನು ತಟ್ಟಿ ಕಿವಿ ಕೊಡುತ್ತಿದ್ದ. ಕಣಕಣ ಎಂದರೆ ಕಲ್ಲು ಗಟ್ಟಿ; ಬದಬದ ಎಂದರೆ ಒಳಗೆಲ್ಲೋ ಬಿರುಕು. ಮನುಷ್ಯರನ್ನೂ ಹೀಗೆ ತಟ್ಟಿ ನೋಡುವಂತಿದ್ದರೆ ಅಂಕಯ್ಯನಿಂದ ಯಾವ ಸದ್ದು ಬರುತ್ತಿತ್ತೋ! ತಟ್ಟುವವರೇ ಇರಲಿಲ್ಲ ಬಿಡಿ.

ಹೆಂಡತಿ ಸಿದ್ದಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆ ಹೇಳಲು ಸಿದ್ದಮ್ಮನೇ ಬರಬೇಕಿತ್ತು. ಅವಳನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದಾಗ, ಇದ್ದಬದ್ದ ಕಲ್ಲನ್ನೆಲ್ಲ ತಟ್ಟಿ ನೋಡಿ, ಗಂಟೆಯಂತೆ ನುಡಿಯುವುದೊಂದನ್ನು ಆರಿಸಿ ತಲೆದೆಸೆಗೆ ನೆಟ್ಟಿದ್ದ. ಹೆಸರು ಹಾಕು ಎಂದವರಿಗೆ, "ನಂಗ್ ಗೊತ್ತಲ್ಲ, ಸಾಕ್ ಬುಡ್ರಿ" ಎಂದು ಬಾಯಿ ಮುಚ್ಚಿಸಿದ್ದ. ಅಷ್ಟು ಜಂಬ!

ಎರಡು ಸಾವಿರದ ಏಳರಲ್ಲಿ ಆ ಹೊಲವೂ ಕೈಗಾರಿಕೆಗೆ ಹೋಯಿತು. ಬದುವಿನ ಕಡೆಗೆ ಸದ್ಯಕ್ಕೆ ಯಾರೂ ಬರಲಾರರೆಂದು ನಂಬಿ, ಒಂದು ಶುಕ್ರವಾರ ಕಬ್ಬಾಳಮ್ಮನ ಹರಕೆ ತೀರಿಸಲು ಹೋದ. ಸಂಜೆ ಬಸ್ಸಿಳಿದು ನೋಡಿದರೆ ಹೊಲವೆಲ್ಲ ಸಪಾಟು. ಬುಲ್ಡೋಜರು ಕಲ್ಲುಗಳನ್ನೆಲ್ಲ ಮೂಲೆಗೆ ಗುಡ್ಡೆ ಹಾಕಿತ್ತು. ಬದು ಎಲ್ಲಿತ್ತು, ಸಿದ್ದಮ್ಮ ಎಲ್ಲಿದ್ದಾಳೆ ಎಂಬುದು ಅವನಿಗೇ ತಿಳಿಯಲಿಲ್ಲ. ಸೋಮವಾರ ಆ ಗುಡ್ಡೆ ಜಲ್ಲಿ ಮಿಷನ್ನಿಗೆ ಹೋಗುತ್ತದೆಂದು ಡ್ರೈವರು ಹೇಳಿದ.

ವಾರ ಕಳೆದರೆ ಹಿರಿಯರ ಹಬ್ಬ. ಪ್ರತಿ ವರ್ಷ ಅಂಕಯ್ಯ ಆ ಕಲ್ಲಿನ ಮುಂದೆ ನಿಂತು, "ಮನೆಗೋಗನ ಬಾಮ್ಮಿ" ಎಂದು ಕರೆದು ಬಂದ ಮೇಲೆಯೇ ಎಡೆ ಇಡುತ್ತಿದ್ದ. ಈ ಸಲ ಯಾವ ಕಲ್ಲನ್ನು ಕರೆಯುವುದು?

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ತಾಹೇರಾ ಟೀಚರು ಜಗಲಿಯಲ್ಲಿ ಪೇಪರು ಓದುತ್ತಿದ್ದವರು ತಲೆಯೆತ್ತಿದರು. "ನೋಡಿ ಅಂಕಯ್ಯೋರೆ, ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ನಡುವೆ ಸುತ್ತೋ ಒಂದು ಕಲ್ಲಿಗೆ ದೊಡ್ಡ ಸಂಗೀತಗಾರರ ಹೆಸರಿಟ್ಟಿದ್ದಾರಂತೆ."

"ಅಲ್ಲಿಗೋಗಿ ಕೆತ್ತೋರ್ಯಾರು?"

"ಕೆತ್ತಲ್ಲ, ಬರೆದಿಡ್ತಾರೆ. ಅದು ಬರಿಗಣ್ಣಿಗೆ ಕಾಣೋದೂ ಇಲ್ಲ."

"ಅಷ್ಟ್ ಚುಕ್ಕಿ ಒಳ್ಗೆ ಅದ್ನ ಎಂಗ್ ಗುರ್ತಿಡುದ್ರು?"

"ಮಿಕ್ಕ ಚುಕ್ಕಿಗಳು ಇದ್ದ ಕಡೆಯೇ ಇದ್ದ ಹಾಗೆ ಕಾಣ್ತವೆ. ಇದು ಮಾತ್ರ ಜರುಗುತ್ತೆ. ಕಾದು ನೋಡಿದವರಿಗೆ ಸಿಗುತ್ತೆ."

ಅಂಕಯ್ಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾರ ಕಣ್ಣಿಗೂ ಕಾಣದ ಕಲ್ಲಿಗೆ ಹೆಸರಿದೆ. ಕಲ್ಲಿನಲ್ಲೇ ಬದುಕಿದ ತಾನು ತನ್ನವಳ ಕಲ್ಲಿಗೆ ಒಂದಕ್ಷರ ಹಾಕಲಿಲ್ಲ.

ಭಾನುವಾರ ಫ್ಯಾಕ್ಟರಿಗಳ ಸದ್ದಿರಲಿಲ್ಲ. ಕಲ್ಲಿನ ದನಿ ಕೇಳಬೇಕಾದರೆ ಆ ದಿನವೇ. ಹೊತ್ತು ಹುಟ್ಟುವಾಗ ಗುಡ್ಡೆಯ ಹತ್ತಿರ ಕೂತವನು ಒಂದೊಂದನ್ನೇ ಎಳೆದು, ತಟ್ಟಿ, ಆಚೆಗೆಸೆದ. ಬಸ್ಸಿಗೆ ಹೊರಟಿದ್ದ ಗೆಳೆಯ ದೊಡ್ಡಹನುಮಯ್ಯ, "ಏನ್ಲಾ ಅಂಕ, ಕಲ್ಲಿಗೂ ಜ್ವರ ಬಂದೈತಾ?" ಎಂದು ನಕ್ಕ. ಅಂಕಯ್ಯ ಇನ್ನೊಂದು ಕಲ್ಲನ್ನು ಎಳೆದುಕೊಂಡ. ಮಧ್ಯಾಹ್ನ ಕಳೆಯಿತು, ಎಲ್ಲವೂ ಬದಬದ. ಹೊತ್ತಿಳಿಯುವಾಗ ಅಡಿಯಲ್ಲಿದ್ದ ಒಂದು ಕಲ್ಲು ಗಂಟೆಯಂತೆ ಕಣಕಣ ಎಂದಿತು. ಇನ್ನೊಮ್ಮೆ ತಟ್ಟಬೇಕಾದ ಅಗತ್ಯವೇ ಇರಲಿಲ್ಲ. ಆದರೂ ತಟ್ಟಿದ, ಮತ್ತೆ ಮತ್ತೆ ತಟ್ಟಿದ, ಅಳುತ್ತಲೇ ತಟ್ಟಿದ.

ಮನೆಗೆ ಹೊತ್ತು ತಂದ ಆ ಕಲ್ಲಿನ ಮೇಲೆ ಟೀಚರು ಸೀಮೆಸುಣ್ಣದಲ್ಲಿ 'ಸಿದ್ದಮ್ಮ' ಎಂದು ಬರೆದುಕೊಟ್ಟರು. ಅಂಕಯ್ಯ ಅದರ ಮೇಲೆ ಉಳಿ ಆಡಿಸಿದ.

"ಎಲ್ಲಿ ನೆಡ್ತೀರಾ?" ಎಂದರು.

"ಎಲ್ಲಿ ಅಂತ ನೆಡ್ಲಿ ಟೀಚ್ರಮ್ಮ? ಕಲ್ಲು ಸಿಕ್ತು, ಅವ್ಳು ಸಿಗ್ನಿಲ್ಲ."

ಹಬ್ಬದ ಸಂಜೆ ಆ ಕಲ್ಲನ್ನು ಗೋಡೆಗೆ ಒರಗಿಸಿ, ಒಂದೇಟು ತಟ್ಟಿ, "ಬಾಮ್ಮಿ" ಎಂದ. ಮುದ್ದೆ, ಕೋಳಿ ಸಾರು, ಎಲೆ ಅಡಿಕೆ ಇಟ್ಟು, ಬಾಗಿಲು ಮುಂದಕ್ಕೆಳೆದುಕೊಂಡು ಜಗಲಿಗೆ ಬಂದ. ಹಿರಿಯರು ಉಣ್ಣುವಾಗ ಮನೆಯವರು ಹೊರಗಿರಬೇಕು; ಒಂದಿಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆದು, ತಾವು ಉಣ್ಣಬೇಕು. ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು, ಮಕ್ಕಳು ವಡೆಗೆ ನುಗ್ಗಿದವು. ಅಂಕಯ್ಯ ಕೂತೇ ಇದ್ದ.

"ಇನ್ನೂ ತೆಗೆದಿಲ್ವಾ? ಊಟ ಆರಿಹೋಗುತ್ತಲ್ಲ" ಎಂದರು ಟೀಚರು.

"ಒಸಿ ತಡೀರಿ, ಉಣ್ತಾವ್ಳೆ" ಎಂದ ಅಂಕಯ್ಯ. ಬಾಗಿಲು ಮುಚ್ಚಿರುವಷ್ಟು ಹೊತ್ತು ಮನೆಯಲ್ಲಿ ಇನ್ನೊಬ್ಬರಿದ್ದರು.