ಗಂಟು ಅನ್ನದ ಮನೆ

ಅವಳು ಹೊಲಿದ ಹಾಸಿಗೆಯ ಮೇಲೆ ಮಲಗಿದವನನ್ನು ಎಬ್ಬಿಸಲು ಮನೆಮಂದಿಯೆಲ್ಲ ಸೇರಬೇಕು ಅಂತ ಬೀದಿಯವರು ಹೇಳುತ್ತಿದ್ದರು. ಅವಳ ಬಾಯಿಗೆ ಸಿಕ್ಕಿದವನಿಗೆ ಅದೇ ಹಾಸಿಗೆ ಕೊಟ್ಟರೂ ಮೂರು ದಿನ ನಿದ್ದೆ ಹತ್ತುವುದಿಲ್ಲ ಅಂತಲೂ ಅವರೇ ಹೇಳುತ್ತಿದ್ದರು. ಹಾಸಿಗೆ ಹೊಲಿಯುವ ಗೇಣುದ್ದದ ದಪ್ಪ ಸೂಜಿ, ದಬ್ಬಣ, ಸದಾ ಅವಳ ತುರುಬಿನಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಅದಕ್ಕೇ ದಬ್ಬಣಮ್ಮ ಅನ್ನುವ ಹೆಸರು. ಅದಕ್ಕಿಂತ ಚೂಪಾದದ್ದು ಬಾಯೊಳಗಿದೆ ಎಂದು ಎದುರುಮನೆಯವಳು ಅನ್ನುತ್ತಿದ್ದಳು, ಆದರೆ ದಬ್ಬಣಮ್ಮ ಬೀದಿಯ ತಿರುವು ದಾಟಿದ ಮೇಲೆ.

ಇನ್ನೊಂದು ಮಾತೂ ಇತ್ತು. ಅದನ್ನು ಬೀದಿ ಗಟ್ಟಿಯಾಗಿ ಆಡುತ್ತಿರಲಿಲ್ಲ: ಆ ಮನೆಯಲ್ಲಿ ಗಂಡುಮಗು ನಿಲ್ಲುವುದಿಲ್ಲ.

ಮನೆ ಅಂದರೆ ಎರಡು ಕೋಣೆ. ಮುಂದಿನದರಲ್ಲಿ ಸೂರಿನಿಂದ ಇಳಿಬಿಟ್ಟ ಹತ್ತಿ ಹಿಂಜುವ ಬಿಲ್ಲು, ಗೋಡೆಯುದ್ದಕ್ಕೂ ಒಟ್ಟಿದ ಹಳೇ ಹಾಸಿಗೆಗಳು. ಹಿಂದಿನದರಲ್ಲಿ ಒಲೆ, ಪಾತ್ರೆ, ಮಲಗುವ ಜಾಗ. ಗಂಡ ಹಿಂಜುತ್ತಿದ್ದ, ಅವಳು ತುಂಬಿ ಹೊಲಿಯುತ್ತಿದ್ದಳು. ಬಿಲ್ಲಿನ ತಂತಿ ಟೊಂಯ್ ಅಂದಾಗಲೆಲ್ಲ ಹತ್ತಿಯ ಎಳೆ ಎದ್ದು ಹಿಂದಿನ ಕೋಣೆಯ ಅನ್ನದ ತಟ್ಟೆಗೂ ಬಂದು ಕೂರುತ್ತಿತ್ತು.

ಆ ಮನೆಯಲ್ಲಿ ಆಡಬಾರದ ಮಾತೊಂದಿತ್ತು, ಗಂಟು. ಹಾಸಿಗೆಯಲ್ಲಿ ಗಂಟು ಸಿಕ್ಕಿತು ಅಂದರೆ ಕಸುಬಿನ ಮಾನ ಹೋದ ಹಾಗೆ. ಗಿರಾಕಿಯ ಕಿವಿಗೆ ಆ ಪದವೇ ಬೀಳಕೂಡದು ಎಂದು ದಬ್ಬಣಮ್ಮನಿಗೆ ಅವಳ ಅತ್ತೆ ಕಲಿಸಿದ್ದಳು, ಅವಳು ಮಗಳಿಗೆ ಕಲಿಸಿದಳು. ಹತ್ತಿ ಮುದ್ದೆಗಟ್ಟಿದರೆ 'ಕಾಳು' ಅನ್ನಬೇಕು. ದಾರ ಸಿಕ್ಕುಬಿದ್ದರೂ ಕಾಳು, ಹಿಟ್ಟು ಕಲಸುವಾಗ ಉಂಡೆ ಕಟ್ಟಿದರೂ ಕಾಳು. ಮಗಳು ಶಾಲೆಯಲ್ಲಿ ಜಡೆಗೆ ರಿಬ್ಬನ್ನಿನ ಕಾಳು ಕಟ್ಟಿಕೊಡಿ ಅಂದಾಗ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತಂತೆ.

ಗಂಡ ಕೆಮ್ಮಿ ಕೆಮ್ಮಿ ಹೋಗುವ ಮುಂಚೆ ಒಬ್ಬ ಆಳನ್ನು ಇಟ್ಟುಕೊಂಡಿದ್ದ. ಹಿಂದುಮುಂದು ಯಾರೂ ಇಲ್ಲದ, ಅನಾಥಾಲಯದಲ್ಲಿ ಬೆಳೆದ ಗಟ್ಟಿ ತೋಳಿನವನು. ಅವನು ಬಿಲ್ಲು ಹಿಡಿದ, ಆಮೇಲೆ ಮಗಳ ಕೈಯನ್ನೂ ಹಿಡಿದ. ದಬ್ಬಣಮ್ಮನಿಗೆ ಅದು ಗಂಟಲಿಗೆ ಸಿಕ್ಕ ಮುಳ್ಳು. ಎಂಟು ವರ್ಷದಲ್ಲಿ ಅಳಿಯನನ್ನು ಅಳಿಯ ಎಂದು ಕರೆದವಳಲ್ಲ. "ಏನಯ್ಯಾ" ಅನ್ನುತ್ತಿದ್ದಳು, ಊಟಕ್ಕೆ ಕರೆಯುವಾಗ ಅದೂ ಇಲ್ಲ, ತಟ್ಟೆಯನ್ನು ಕುಕ್ಕುತ್ತಿದ್ದಳು. ಅವನೂ ಕಡಿಮೆಯವನಲ್ಲ. ಅವಳು ಹೊಲಿದ ಹಾಸಿಗೆಯನ್ನು ಗಿರಾಕಿಯ ಎದುರೇ ಅಂಗೈಯಿಂದ ಒತ್ತಿ ಒತ್ತಿ ನೋಡಿ, ಏನೂ ಹೇಳದೆ ಹುಬ್ಬು ಏರಿಸುತ್ತಿದ್ದ.

ಮೊಮ್ಮಗ ಹುಟ್ಟಿದ ಮೇಲೆ ಜಗಳಕ್ಕೆ ಸರಿಯಾದ ಕಾರಣ ಸಿಕ್ಕಿತು. ಎರಡು ತುಂಬುವಷ್ಟರಲ್ಲಿ ಮಗುವಿನ ಕುತ್ತಿಗೆಯಲ್ಲಿ ಕಾಳೆದ್ದಿತು. ಕೆಂಪಗಾಗಿ ಕೀವು ತುಂಬಿ ಒಡೆಯಿತು, ವಾಸಿಯಾಯಿತು ಅನ್ನುವಾಗ ಪಕ್ಕದಲ್ಲೇ ಇನ್ನೊಂದು. ಕಂಕುಳಲ್ಲೊಂದು. ಜ್ವರ ಬಿಟ್ಟ ವಾರವೇ ಇಲ್ಲ. ಇದೆಲ್ಲ ಊರು ಕೇರಿ ಗೊತ್ತಿಲ್ಲದವನ ರಕ್ತದ ಕೊಳೆ ಎಂದು ದಬ್ಬಣಮ್ಮ ಬಾಗಿಲಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಹೇಳಿದಳು. ತನ್ನ ಹೆತ್ತವರು ಯಾರೆಂದು ಗೊತ್ತಿಲ್ಲದ ಅಳಿಯ ಏನೆಂದು ಎದುರಾಡಿಯಾನು?

ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ಮೊದಲ ದಿನವೇ ಕೇಳಬೇಕಾದದ್ದನ್ನು ಕೇಳಿದ್ದಳು. ನಿಮ್ಮ ಮನೆಯಲ್ಲಿ ಹಿಂದೆ ಯಾವ ಮಗುವಿಗಾದರೂ ಹೀಗೆ ಗಂಟು ಆಗಿತ್ತಾ ಅಂತ. ಮಗಳು ತಡಮಾಡದೆ, ಇಲ್ಲ, ನಮ್ಮ ಮನೆಯಲ್ಲಿ ಗಂಟು ಅನ್ನೋ ಮಾತೇ ಇಲ್ಲ ಅಂದಳು. ಸುಳ್ಳಲ್ಲ. ತಾನು ಹುಟ್ಟುವ ಮೊದಲೇ ಹೋದ ಇಬ್ಬರು ಅಣ್ಣಂದಿರಿಗೆ ಬಂದದ್ದು ಜ್ವರ ಎಂದಷ್ಟೇ ಅವಳಿಗೆ ಗೊತ್ತು. ತಂದೆಯ ಕಡೆ ಅಂತ ಕೇಳಿದರೆ ಅಳಿಯ ತಲೆ ಅಲ್ಲಾಡಿಸಿದ. ಡಾಕ್ಟರಮ್ಮ ಚೀಟಿಯಲ್ಲಿ ಅವನ ಕಡೆಗೆ ದೊಡ್ಡದೊಂದು ಪ್ರಶ್ನೆಗುರುತು ಹಾಕಿದಳು. ಚೀಟಿ ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ದಬ್ಬಣಮ್ಮನಿಗೆ ಆ ಗುರುತು ಕಂಡು ಹಾಲು ಕುಡಿದಷ್ಟು ಸಂತೋಷವಾಯಿತು.

ಕ್ಷಯ ಇರಬಹುದೆಂದು ಮಾತ್ರೆ ಶುರುವಾಯಿತು. ಆರು ತಿಂಗಳು ನುಂಗಿಸಿದರೂ ಕಾಳು ಇಳಿಯಲಿಲ್ಲ. ಏಳನೇ ತಿಂಗಳು ಎದೆ ಕಟ್ಟಿತು. ಮಗುವನ್ನು ಮೂಗಿಗೆ ಕೊಳವೆ ಹಾಕಿ ಮಲಗಿಸಿದರು. ಡಾಕ್ಟರಮ್ಮನೇ, ನಾವು ಏನನ್ನೋ ಗಮನಿಸದೆ ಬಿಟ್ಟಿದ್ದೇವೆ, ಏನೆಂದು ತಿಳೀತಿಲ್ಲ ಅಂದಳು.

ಬಟ್ಟೆ ಒಯ್ಯಲು ಅಳಿಯ ಮಧ್ಯಾಹ್ನ ಮನೆಗೆ ಬಂದ. ದಬ್ಬಣಮ್ಮ ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೆತ್ತವರು ಬಿಸಾಕಿದ್ದು ಸುಮ್ಮನೆ ಅಲ್ಲ ನಿನ್ನನ್ನ. ಈ ರೋಗ ನೋಡೇ ಬಿಸಾಕಿರಬೇಕು."

"ನನಗೆ ಇಷ್ಟು ವಯಸ್ಸಾದರೂ ಒಂದು ದಿನ ಜ್ವರ ಬಂದಿಲ್ಲ ಅತ್ತೆ."

"ಕೊಳೆಗೆ ಎಲ್ಲಿ ಜ್ವರ ಬರುತ್ತೆ? ಕುತ್ತಿಗೆ ಕೊಯ್ಯಿ ಅಂತ ಕೂಸನ್ನ ಆಸ್ಪತ್ರೆಯವರ ಕೈಗೆ ಕೊಟ್ಟೆಯಲ್ಲ. ಕಾಳು ಒಡೆಯೋಕೆ ಡಾಕ್ಟರು ಬೇಕಾ? ನನ್ನ ಇಬ್ಬರಿಗೂ ಅಲ್ಲೇ ಎದ್ದಿತ್ತು. ಈ ದಬ್ಬಣ ಕಾಯಿಸಿ ನಾನೇ ಒಡೆದಿದ್ದೆ."

ಹೇಳಿದ ಮೇಲೆ ಅವಳ ಕೈ ನಿಂತಿತು.

ಅಳಿಯ ಮಡಿಸಿದ ಬಟ್ಟೆಯನ್ನು ಕೆಳಗಿಟ್ಟ. ಇಬ್ಬರಿಗೂ ಅಂದರೆ ಯಾವ ಇಬ್ಬರು ಎಂದು ಕೇಳಲಿಲ್ಲ, ಅವನಿಗೆ ಅರ್ಥವಾಗಿತ್ತು.

"ಕಾಳು ಅಂದರೆ ಗಂಟು ತಾನೇ ಅತ್ತೆ."

ಆ ಗೋಡೆಗಳ ನಡುವೆ ಆ ಪದ ಹುಟ್ಟಿದ್ದು ಅದೇ ಮೊದಲು. ಬಾಯಿ ಮುಚ್ಚು ಅಂದಳು ದಬ್ಬಣಮ್ಮ. ಬಂದು ಡಾಕ್ಟರ ಮುಂದೆ ಹೇಳಿ ಅಂದ ಅವನು. ಹೇಳಲ್ಲ ಅಂದಳು. ಹೇಳದೆ ಇದ್ದರೆ ಮೂರನೆಯವನೂ ಹೋಗ್ತಾನೆ, ಆಗ ದಬ್ಬಣ ಯಾರ ಕುತ್ತಿಗೆಗೆ ಚುಚ್ತೀರಿ ನೋಡೋಣ ಅಂತ ಅವನು ಅಂದುಬಿಟ್ಟ.

ಅದು ಸರಿಯಾಗಿ ನಾಟಿತು. ಮೂವತ್ತೈದು ವರ್ಷ ಅವಳು ಅದನ್ನೇ ನುಂಗಿಕೊಂಡು ಕೂತಿದ್ದಳು. ಕಾಳು ಒಡೆದ ಹದಿನೈದು ದಿನಕ್ಕೆ ಮೊದಲನೆಯವನು ಹೋದ, ಎರಡನೆಯವನು ಮೂರೇ ದಿನಕ್ಕೆ. ಗಂಡ ಒಂದು ಮಾತು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳಿಗೆ ತೀರ್ಪಾಗಿತ್ತು. ತನ್ನ ಮಕ್ಕಳನ್ನು ತನ್ನ ಕೈಯೇ ಕೊಂದಿತು ಎಂದು ಒಳಗೆ ಒಪ್ಪಿಕೊಂಡವಳು ಹೊರಗೆ ಯಾರನ್ನಾದರೂ ಚುಚ್ಚದೆ ಬದುಕುವುದು ಹೇಗೆ?

ಎದ್ದಳು. ನಿನ್ನ ಮಾತಿಗೆ ಬರ್ತಿಲ್ಲ ಅಂತ ಮೊದಲೇ ಹೇಳಿದಳು. ದಾರಿಯುದ್ದಕ್ಕೂ ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಡಾಕ್ಟರಮ್ಮನ ಮೇಜಿನ ಮುಂದೆ ಅವಳ ನಾಲಿಗೆಗೆ ಪದ ಬರಲೇ ಇಲ್ಲ. ಕಾಳು ಅಂದಳು, ಡಾಕ್ಟರಮ್ಮ ಪೆನ್ನು ಹಿಡಿದೇ ಕಾದಳು. ಕೊನೆಗೆ, ಕೆಟ್ಟ ಬೈಗುಳ ಉಗುಳುವ ಹಾಗೆ, "ಗಂಟು. ನನ್ನ ಇಬ್ಬರು ಗಂಡುಮಕ್ಕಳಿಗೂ ಗಂಟು" ಅಂದಳು.

ರಕ್ತದ ಬೇರೆಯದೇ ಪರೀಕ್ಷೆಯಾಯಿತು. ಉತ್ತರ ಬಂದ ದಿನ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದಳು. ಮೈಯೊಳಗೆ ಕ್ರಿಮಿ ಹಿಡಿಯುವ ಕಾವಲುಗಾರರು ಇರುತ್ತಾರೆ. ಈ ಮಗುವಿನ ಕಾವಲುಗಾರರು ಕಳ್ಳನನ್ನು ಓಡಿಹೋಗಿ ಹಿಡಿಯುತ್ತಾರೆ, ಆದರೆ ಅವರ ಕೈಯಲ್ಲಿ ದೊಣ್ಣೆಯಿಲ್ಲ. ಹಿಡಿದುಕೊಂಡು ನಿಂತೇ ಇರುತ್ತಾರೆ, ಸುತ್ತ ಇನ್ನಷ್ಟು ಜನ ಸೇರುತ್ತಾರೆ, ಆ ಗುಂಪೇ ಗಂಟು. ಹುಟ್ಟಿನಿಂದ ಬಂದದ್ದು. ಇವರ ಮನೆಯಲ್ಲಿ ಬಂದಿರುವ ಬಗೆ ತಾಯಿಯ ಕಡೆಯಿಂದ ಇಳಿಯುವಂಥದ್ದು. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹೊತ್ತು ತಿರುಗುತ್ತಾರೆ, ಗಂಡುಮಕ್ಕಳು ಕಾಯಿಲೆ ಬೀಳುತ್ತಾರೆ. ಇದಕ್ಕೆ ದಿನಾ ತಪ್ಪದೆ ಔಷಧಿ ಕೊಡಬೇಕು. ಮೂಳೆಮಜ್ಜೆ ಹೊಂದುವವರು ಸಿಕ್ಕರೆ ಮುಂದೆ ಅವರದನ್ನು ಹಾಕಿಸುವ ದಾರಿಯೂ ಇದೆ.

"ಪ್ರಶ್ನೆಗುರುತು ಅಳಿಸ್ತೀರಾ?" ಅಂತ ಅಳಿಯ ಕೇಳಿದ. ಡಾಕ್ಟರಮ್ಮ ಗೀಟು ಎಳೆದಳು. ಅವನು ಅತ್ತೆಯ ಕಡೆ ತಿರುಗಿ ಹುಬ್ಬು ಏರಿಸಿದ, ಹಾಸಿಗೆ ಒತ್ತಿ ನೋಡುವಾಗ ಏರಿಸುತ್ತಿದ್ದ ಅದೇ ಹುಬ್ಬು.

ದಬ್ಬಣಮ್ಮ ಅವನನ್ನು ನೋಡಲಿಲ್ಲ. ಹಾಗಾದರೆ ದಬ್ಬಣದಿಂದ ಸತ್ತರಾ, ರಕ್ತದಿಂದ ಸತ್ತರಾ ಎಂದು ಕೇಳಿದಳು.

"ಚುಚ್ಚಬಾರದಿತ್ತು ಅಜ್ಜಿ. ಆದರೆ ಚುಚ್ಚದೆ ಇದ್ದಿದ್ದರೂ, ಔಷಧಿ ಇಲ್ಲದೆ ಉಳಿಯೋದು ಕಷ್ಟ ಇತ್ತು."

ಅರ್ಧ ಬಿಡುಗಡೆ ಅದು. ಉಳಿದ ಅರ್ಧವನ್ನು ಬೀದಿ ಕೊಡಲಿಲ್ಲ. ಅಳಿಯನೇ ನಲ್ಲಿಯ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟಿದ್ದ. ಎಂಟು ವರ್ಷದ ಕುದಿ ಒಂದೇ ಬೆಳಿಗ್ಗೆಗೆ ಆರೀತೇ? ಎದುರುಮನೆಯವಳು ಈಗ ತಿರುವು ದಾಟುವವರೆಗೆ ಕಾಯುತ್ತಿರಲಿಲ್ಲ.

ಮಗು ಚೇತರಿಸಿಕೊಂಡಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಇನ್ನೊಂದು ಹೇಳಿದಳು. ಎದೆಗೆ ಹತ್ತಿದ್ದು ಬೂಷ್ಟು, ಹಳಸಿದ ರೊಟ್ಟಿಯ ಮೇಲೆ ಬೆಳೆಯುವಂಥದ್ದು. ಮುಗ್ಗಲು ಹತ್ತಿ, ಹಳೇ ಹಾಸಿಗೆಯ ಧೂಳು, ಇವು ಈ ಮಗುವಿಗೆ ವಿಷ. ಮನೆಯೊಳಗೆ ಒಂದೆಳೆಯೂ ಇರಬಾರದು. ಹತ್ತಿ ಕೆಲಸ ಮಾಡಿದವರು ತಲೆಯಲ್ಲಿ, ಬಟ್ಟೆಯಲ್ಲಿ ಅದನ್ನು ಹೊತ್ತು ತರುತ್ತಾರೆ, ಹಾಗೇ ಬಂದು ಮಗುವನ್ನು ಎತ್ತಿಕೊಳ್ಳಬಾರದು.

ಅಳಿಯ ಮೂರು ದಿನದಲ್ಲಿ ಮುಂದಿನ ಕೋಣೆ ಖಾಲಿ ಮಾಡಿದ. ಬಿಲ್ಲು, ಹತ್ತಿ, ಎಲ್ಲ ಮರ ಮಾರುವ ಅಡ್ಡೆಯ ಹಿಂದಿನ ಒಂದು ಕೊಟ್ಟಿಗೆ ಸೇರಿತು. ಗೋಡೆಗೆ ಸುಣ್ಣ ಬಳಿದ. ಉಳಿದದ್ದು ದಬ್ಬಣಮ್ಮನ ಹಾಸಿಗೆ. ಇಬ್ಬರು ಮಕ್ಕಳೂ ಅದರ ಮೇಲೇ ಹೋಗಿದ್ದರು. ಊರಿಗೆಲ್ಲ ಹೂವಿನಂಥ ಹಾಸಿಗೆ ಹೊಲಿದವಳು ಅದನ್ನು ಮಾತ್ರ ಒಮ್ಮೆಯೂ ಬಿಚ್ಚಿ ಹಿಂಜಿಸಿರಲಿಲ್ಲ, ಕಲ್ಲಿನ ರಾಶಿಯ ಮೇಲೆ ಮಲಗಿದ ಹಾಗೆ ಮಲಗುತ್ತಿದ್ದಳು. ಸುಟ್ಟುಬಿಡಿ ಅಂದ ಅಳಿಯ. ಅಮ್ಮ, ಬಿಟ್ಟುಬಿಡು ಅಂದಳು ಮಗಳು.

ಮರುದಿನ ಬೆಳಿಗ್ಗೆ ಅಳಿಯ ಕೊಟ್ಟಿಗೆಯ ಬೀಗದಕೈ ಹುಡುಕುತ್ತಿದ್ದಾಗ ಅದು ದಬ್ಬಣಮ್ಮನ ಸೆರಗಿನ ತುದಿಯಲ್ಲಿತ್ತು.

"ಹತ್ತಿ ನನ್ನ ಮನೆತನದ್ದು, ನಿನ್ನದಲ್ಲ. ನಾನು ಅದರ ಜೊತೆ ಇರ್ತೀನಿ. ನೀನು ಬೇರೆ ಏನಾದರೂ ಹೊತ್ತು ತಿನ್ನು. ತೋಳಿದೆಯಲ್ಲ."

"ಅಲ್ಲಿ ಒಬ್ಬರೇ ಹೇಗಿರ್ತೀರಿ? ಮಗುವನ್ನ ನೋಡೋಕೆ ಬರಲ್ವಾ?"

"ತಲೆ ತುಂಬ ಹತ್ತಿ ಇಟ್ಟುಕೊಂಡು ಬರ್ಲಾ? ಅಪ್ಪ ಅನ್ನಿಸಿಕೊಂಡವನು ಎತ್ತಿಕೊಂಡರೆ ಸಾಕು ಅದಕ್ಕೆ. ನಿನಗಾಗಿ ಹೋಗ್ತಿಲ್ಲ ನಾನು, ಬೀಗಬೇಡ."

ಮಗುವನ್ನು ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಿಸಿದ್ದರು. ಹಾಸಿಗೆಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅವಳೇ ಮಂಡಿಯೂರಿ ಹಗ್ಗ ಬಿಗಿದಳು. ಮುಟ್ಟಲು ಬಂದ ಅಳಿಯನನ್ನು, ಅದೇ ಕೈಯಲ್ಲಿ ಮಗುವನ್ನ ಎತ್ತಬೇಕು, ದೂರ ನಿಲ್ಲು ಅಂತ ಗದರಿದಳು. ಅವನು ದೂರದಿಂದಲೇ ನೋಡಿದ.

"ಗಂಟು ಸಡಿಲ ಇದೆ ಅತ್ತೆ."

"ಈ ಮನೇಲಿ ಆ ಮಾತು..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಹಗ್ಗವನ್ನು ಇನ್ನೊಮ್ಮೆ ಜಗ್ಗಿ ಬಿಗಿ ಮಾಡಿದಳು. "ಆಡು. ದಿನಾ ಆಡು. ಕೂಸಿನ ಮೈಮೇಲೆ ಏನೆದ್ದರೂ ಅದರ ಹೆಸರು ಹಿಡಿದೇ ಹೇಳು. ನನ್ನ ಮಗಳಿಗೂ ಕಲಿಸು."

ಹೊಸ್ತಿಲ ಹತ್ತಿರ ಸುಣ್ಣದ ಗೋಡೆಗೆ ಎಲ್ಲಿಂದಲೋ ಒಂದೆಳೆ ಹತ್ತಿ ಅಂಟಿಕೊಂಡಿತ್ತು. ಉಗುರಿನಿಂದ ಕಿತ್ತು ಸೆರಗಿಗೆ ಸಿಕ್ಕಿಸಿಕೊಂಡಳು. ಎದುರುಮನೆಯವಳು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಏನು ನೋಡ್ತೀಯೆ, ನಿನ್ನ ಹಾಸಿಗೆ ಹಿಂಜಿಸಿ ಹತ್ತು ವರ್ಷವಾಯ್ತು, ಮಗ್ಗುಲು ಮುರಿದೀತು, ಕೊಟ್ಟಿಗೆಗೆ ತಗೊಂಡು ಬಾ ಅಂತ ಅವಳಿಗೊಂದು ಚುಚ್ಚಿ, ಹಗ್ಗದ ತುದಿಯನ್ನು ಹೆಗಲಿಗೆ ಹಾಕಿಕೊಂಡು, ಹಾಸಿಗೆಯನ್ನು ಎಳೆಯುತ್ತಾ ದಬ್ಬಣಮ್ಮ ಮೆಟ್ಟಿಲು ಇಳಿದಳು.