ಹಿರೇಕೆರೂರಿನಷ್ಟು ದೂರದ ದೆಹಲಿ

ನಮ್ಮ ಅವ್ವ ದೂರವನ್ನು ಅಳೆಯುವುದು ರೊಟ್ಟಿಯಿಂದ. ಶಿಗ್ಗಾಂವದ ನಮ್ಮ ಮನೆಯಿಂದ ಬಂಕಾಪುರಕ್ಕೆ ಹೊರಟರೆ ಬುತ್ತಿಯೇ ಬೇಡ. ಹಾನಗಲ್ಲಿಗೂ ಬೇಡ, ಅಲ್ಲಿಯ ಬೀಗರು ಉಣಿಸದೆ ಬಿಡುವವರಲ್ಲ. ಹಿರೇಕೆರೂರಿಗಾದರೆ ಮೆತ್ತನೆಯ ಜೋಳದ ರೊಟ್ಟಿ ಮಡಚಿ ಕಟ್ಟುತ್ತಾಳೆ. ಅದರಾಚೆಯವೆಲ್ಲ, ಒಣಗಿಸಿ ತಿಂಗಳಿಟ್ಟರೂ ಕೆಡದ ಖಡಕ್ ರೊಟ್ಟಿಯ ಊರುಗಳು. ದೆಹಲಿಯಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ ಇದ್ದಾಳೆ. ಮದುವೆಯಾಗಿ ಹೋದಂದಿನಿಂದ ಆಕೆಗೆ ಇಲ್ಲಿಂದ ಹೋಗಿದ್ದೆಲ್ಲ ಖಡಕ್ ರೊಟ್ಟಿಯೇ.

ಆಕೆ ತವರಿಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮೊಣಕಾಲು ನೋವು. "ಎರಡ ದಿನ ರೈಲಿನ್ಯಾಗ ಕುಂದ್ರಾಕ ನನ್ನ ಕೈಲೆ ಆಗೂದಿಲ್ಲವಾ" ಅನ್ನುತ್ತಿದ್ದಳು. ಹುಬ್ಬಳ್ಳಿಯಿಂದ ವಿಮಾನ ಇದೆಯಲ್ಲ ಅಂದರೆ, "ವಿಮಾನ ಬಂತಂತ ಊರು ಹತ್ರ ಬರ್ತೈತೇನು?" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಅಕ್ಕ ಒಮ್ಮೆಯಾದರೂ ಬಂದು ತವರಿನ ಕಟ್ಟೆಯ ಮೇಲೆ ಕೂಡಬೇಕು, ಅವ್ವನಿಗೆ ಅದೊಂದೇ ಆಸೆ.

ಹೋದ ಚಳಿಗಾಲದಲ್ಲಿ ನಾನು ಅವ್ವನಿಗೂ ನನಗೂ ದೆಹಲಿಗೆ ಟಿಕೆಟ್ ತೆಗೆಸಿದೆ. ಎಷ್ಟು ಹೊತ್ತಿನ ಹಾದಿ ಎಂದು ಕೇಳಿದಳು. ಎರಡೂವರೆ ತಾಸು ಅಂದೆ.

"ಅಷ್ಟ? ಅಂದ್ರ ನಮ್ಮ ಬಸ್ಸು ಹಿರೇಕೆರೂರ ಮುಟ್ಟೂ ಹೊತ್ತು!" ಅವ್ವನ ಮುಖ ಅರಳಿತು. "ಹಂಗಾರ ಅಕ್ಕಗ ಮೆತ್ತನ ರೊಟ್ಟಿ ಒಯ್ತೇನಿ. ಊರು ಎಷ್ಟ ಹತ್ರ ಐತಿ ಅಂತ ತಿಂದು ತಿಳಕೊಳ್ಳಲಿ."

ಹೊರಡುವ ಮುಂಜಾನೆ ರೊಟ್ಟಿ ಬಡಿದು, ಹಸಿ ಬಟ್ಟೆಯಲ್ಲಿ ಸುತ್ತಿ, ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ಲೆಕ್ಕ ತಪ್ಪಿದ್ದು ಅಲ್ಲೇ. ಎರಡೂವರೆ ತಾಸು ಬರೀ ವಿಮಾನದ್ದು. ಹುಬ್ಬಳ್ಳಿಯ ರಸ್ತೆ, ತಪಾಸಣೆಯ ಸಾಲು, ಕೂತು ಕಾಯುವುದು ಯಾವುದೂ ಅವ್ವನ ಲೆಕ್ಕದಲ್ಲಿರಲಿಲ್ಲ. ನಮ್ಮ ಬಸ್ಸು ಕೈ ಮಾಡಿದರೆ ನಿಲ್ಲುತ್ತದಲ್ಲ! "ಇಷ್ಟೊತ್ತಿಗೆ ಹಿರೇಕೆರೂರಿಗೆ ಹೋಗಿ ಹೊಳ್ಳಿ ಬರ್ತಿದ್ವಿ" ಎಂದು ವಿಮಾನ ಹತ್ತುವ ಮೊದಲೇ ಗೊಣಗಿದಳು. ಗಳಿಗೆಗೊಮ್ಮೆ ಗಂಟನ್ನು ಬೆರಳಿಂದ ಒತ್ತಿ ನೋಡುವಳು. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಬುತ್ತಿ ಬಿಚ್ಚಿದರೆ ಪಕ್ಕದ ಸೀಟಿನವರಿಗೂ ಕೊಟ್ಟು ಉಣ್ಣುವುದು ನಮ್ಮ ಕಡೆಯ ರೂಢಿ. ಆವತ್ತು ಹೆತ್ತ ಮಗಳಿಗೇ ಸಿಗಲಿಲ್ಲ. "ಗಾಳಿ ತಾಗಿದ್ರ ಬಿರುಸಾಗ್ತಾವ, ಸುಮ್ನ ಕುಂದ್ರು." ಸಿಟ್ಟು ಬಂತು, ಅದರ ಬೆನ್ನಿಗೇ ನಗುವೂ ಬಂತು.

ದೆಹಲಿಯ ಟ್ರಾಫಿಕ್ಕಿನಲ್ಲಿ ಅವ್ವ ಗಂಟಿನ ಮೇಲೆ ಸೆರಗನ್ನೂ ಸುತ್ತಿ ಹಿಡಿದುಕೊಂಡಳು. ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ದೊಡ್ಡವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವ್ವ ಚಪ್ಪಲಿ ಕಳೆಯುವ ಮೊದಲೇ ಗಂಟು ಬಿಚ್ಚಿದಳು. ಮೇಲಿನ ರೊಟ್ಟಿಯ ಅಂಚು ಬಿರುಸಾಗಿತ್ತು. ಅವ್ವನ ಮುಖ ಸಣ್ಣದಾಯಿತು.

ದೊಡ್ಡವ್ವ ಅದನ್ನು ಸರಿಸಿ ಕೆಳಗಿನದನ್ನು ತೆಗೆದಳು. ಮೆಲ್ಲಗೆ ಮಡಚಿದಳು. ಮುರಿಯಲಿಲ್ಲ. ಇನ್ನೊಮ್ಮೆ ಮಡಚಿದಳು. ಆಗಲೂ ಮುರಿಯಲಿಲ್ಲ. ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟುಕೊಂಡಳು.

"ಇವತ್ತ ಮುಂಜಾನಿವೇನ?"

"ಹೂಂ ಅಕ್ಕಾ, ನಮ್ಮನಿ ಒಲಿ ಮ್ಯಾಲಿನವು."

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಹೊಳ್ಳಿ ಹೋಗೂವಾಗ ನಂದೂ ಒಂದ ಟಿಕೆಟ್ ತಗಸು. ರೊಟ್ಟಿ ಮುರೀದಂಗ ಬಂದಾವ ಅಂದ್ರ ನನ್ನ ಕಾಲೂ ಬರ್ತಾವ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮೊದಲೇ ಗೊತ್ತಿದ್ದವರಂತೆ ಅಡುಗೆಮನೆಗೆ ನಡೆದಳು.

ವಾಪಸ್ ಹೊರಡುವ ದಿನ ಅವ್ವ, "ಅಕ್ಕಾ, ಬುತ್ತಿಗೆ ಏನ ಕಟ್ಟೂಣು?" ಎಂದು ಕೇಳಿದಳು.

ದೊಡ್ಡವ್ವ ಆಗಲೇ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. "ಇಲ್ಲೇ ಹೋಗಾಕ ಯಾರರ ಬುತ್ತಿ ಕಟ್ತಾರೇನು? ನಡೀರಿ."