ಐವತ್ತು ಕಿಲೋಮೀಟರ್ ಮತ್ತು ಚಿಕ್ಕಮ್ಮನ ಜಗಲಿ

ನಮ್ಮ ಕಡೆ ನಲವತ್ತು ದಾಟಿದ ಹೆಂಗಸು ಬೆಳಗ್ಗೆ ಎದ್ದು ಓಡಿದರೆ ಅದಕ್ಕೆ ಎರಡೇ ಕಾರಣ. ಒಂದೋ ಟ್ರೈನು ತಪ್ಪುತ್ತಿದೆ, ಇಲ್ಲವೇ ಶುಗರ್ ಬಂದಿದೆ. ಚಿನ್ನದ ಗಣಿ ಸೀಮೆಯ ಊರಿಗಾಂನ ನಮ್ಮ ಲೈನ್ ಮನೆಗಳಿಂದ ಪಕ್ಕದ ಕೋರಮಂಡಲ್ ತನಕ ಕನ್ನಡ, ತಮಿಳು, ತೆಲುಗು ಮೂರರಲ್ಲೂ ನನ್ನನ್ನು "ಶುಗರ್ ಎಷ್ಟಿದೆ?" ಎಂದು ಕೇಳಿದ್ದಾರೆ. ಮೊದಮೊದಲು "ಇಲ್ಲಪ್ಪಾ, ರೇಸಿಗೆ" ಎನ್ನುತ್ತಿದ್ದೆ. ಆಮೇಲೆ ಸಾಕಾಗಿ "ಇನ್ನೂರು" ಎಂದುಬಿಟ್ಟೆ. ಕೇಳಿದವರಿಗೂ ಸಮಾಧಾನ, ನನಗೂ ಉಸಿರು ಉಳಿಯಿತು.

ನಿಜ ಹೇಳಬೇಕೆಂದರೆ ನನ್ನ ತಲೆಗೆ ನೂರು ಕಿಲೋಮೀಟರಿನ ಹುಚ್ಚು ಹೊಕ್ಕಿತ್ತು. ದೂರದ ಘಟ್ಟದಲ್ಲಿ ಕಾಡಿನ ಕಾಲುದಾರಿ ಹಿಡಿದು ಓಡುವ ದೊಡ್ಡ ರೇಸು ಅದು. ಐವತ್ತು ಕಿಲೋಮೀಟರಿನ ರೇಸೊಂದನ್ನು ಕೊಟ್ಟ ಹೊತ್ತಿನೊಳಗೆ ಮುಗಿಸಿದವರನ್ನು ಮಾತ್ರ ಅಲ್ಲಿ ಸೇರಿಸಿಕೊಳ್ಳುತ್ತಾರೆ. ಅಂಥದ್ದೊಂದು ಬಂಗಾರಪೇಟೆ ಪಕ್ಕದ ಗುಡ್ಡಗಳಲ್ಲೇ ನಡೆಯುತ್ತದೆ ಎಂದು ಗೊತ್ತಾದಾಗ ಕುಣಿದುಬಿಟ್ಟೆ. ಒಂದೇ ದಾರಿಯಲ್ಲಿ ಎರಡು ಸುತ್ತು, ಹೊತ್ತು ಮುಳುಗುವುದರೊಳಗೆ ವಾಪಸು ಬರಬೇಕು, ಅಷ್ಟೇ. ಆ ದಾರಿ ನಮ್ಮ ಚಿಕ್ಕಮ್ಮನ ಬಾಗಿಲ ಮುಂದೆಯೇ ಹಾದುಹೋಗುತ್ತದೆ ಎಂದು ಗೊತ್ತಿದ್ದೂ ಕುಣಿದೆನಲ್ಲ, ನನ್ನ ಬುದ್ಧಿಗಿಷ್ಟು!

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಅರವತ್ತು ದಾಟಿದೆ, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಮೊದಲ ಸುತ್ತಿನಲ್ಲಿ ತಲೆ ತಗ್ಗಿಸಿಕೊಂಡು ಅವಳ ಮನೆ ದಾಟಿಬಿಡೋಣ ಅಂದುಕೊಂಡೆ. ಎಲ್ಲಿ ಬಿಟ್ಟಾಳು!

"ಲೇ ಅಮ್ಮಣ್ಣಿ! ಬಾಗ್ಲು ಮುಂದೆ ಬಂದು ಅಂಗೇ ಓಗ್ತೀಯಾ?"

"ಚಿಕ್ಕಮ್ಮಾ, ರೇಸು!"

"ರೇಸು ಎಲ್ಲಿಗೂ ಓಗಲ್ಲ, ಕುಂತ್ಕೋ. ಮುತ್ತೈದೇನ ಬರಿಗೈಯಲ್ಲಿ ಕಳ್ಸಾಕಾಯ್ತದಾ?"

ರಟ್ಟೆ ಹಿಡಿದು ಜಗಲಿಯ ಮೇಲೆ ಕೂರಿಸಿದಳು. ಬೆವರು ಸುರಿಯುತ್ತಿದ್ದ ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ, ಕ್ಯಾಪ್ ಕೀಳಿಸಿ ತಲೆಗೆ ಹಿತ್ತಲ ಕನಕಾಂಬರ. ರವಿಕೆ ಕಣಕ್ಕೆ ಹುಡುಕಾಡಿದ್ದೇ ಎಷ್ಟೋ ಹೊತ್ತು. ಜೊತೆಗೊಂದು ತೆಂಗಿನಕಾಯಿ. ಬೇಡ ಎನ್ನುವಂತಿಲ್ಲ, ಕುಂಕುಮದ ಜೊತೆ ಕೊಟ್ಟದ್ದನ್ನು ಎಲ್ಲೋ ಬಿಸಾಡುವಂತೆಯೂ ಇಲ್ಲ. ನನ್ನ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ನಗುತ್ತಾ ಮುಂದೆ ಹೋದರು. ಬೆನ್ನಿನ ನೀರಿನ ಚೀಲಕ್ಕೆ ಕಾಯಿ ತುರುಕಿಕೊಂಡು, ಕುಂಕುಮ ಮೂಗಿನ ಮೇಲೆ ಇಳಿಸಿಕೊಂಡು ಬೀದಿಯ ಕೊನೆಗೆ ಬಂದಾಗ, ಅಲ್ಲಿ ಟೇಬಲ್ ಹಾಕಿಕೊಂಡು ನೀರು ಕೊಡುತ್ತಿದ್ದ ರೇಸಿನವರು ನನ್ನನ್ನು ನೋಡಿ ಗಾಬರಿಯಾದರು. "ಮೇಡಂ, ಹೀಗೇ ಲೇಟಾದರೆ ಕಷ್ಟ" ಅಂದರು. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮನಿಗೆ ದಾರಿಯುದ್ದಕ್ಕೂ ಶಾಪ ಹಾಕುತ್ತಾ ಓಡಿದೆ.

ಆದರೆ ಎರಡನೇ ಸುತ್ತಿನ ಹೊತ್ತಿಗೆ ಕೋಪ ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ. ಕೋಲಾರದ ಸೀಮೆಯ ಬಿಸಿಲು, ಕಾಲಡಿ ಕಾದ ಬಂಡೆ, ಬೆನ್ನ ಮೇಲೆ ತೆಂಗಿನಕಾಯಿ. ಉಗುರೊಂದು ಕಿತ್ತು ಬಂದಿತ್ತು. ಆಗ ನನಗೆ ಅದೇ ಜಗಲಿ ಸ್ವರ್ಗವಾಗಿ ಕಾಣತೊಡಗಿತು. ಹೋಗಿ ಕೂತುಬಿಡುವುದು, ಮುದ್ದೆ ಉಂಡು ಮಲಗುವುದು, ನೂರು ಕಿಲೋಮೀಟರಿನ ಮನೆ ಹಾಳಾಗಲಿ. ಕೇಳಿದವರಿಗೆ "ಚಿಕ್ಕಮ್ಮ ಬಿಡಲೇ ಇಲ್ಲ" ಅಂದರಾಯಿತು. ಹೀಗೆ ನೆಪವನ್ನೂ ಸಿದ್ಧ ಮಾಡಿಕೊಂಡು ಕುಂಟುತ್ತಾ ಬಂದೆ.

ಬಂದು ನೋಡಿದರೆ ಜಗಲಿ ತುಂಬ ಹಸಿ ಸಗಣಿ! ಸಿಮೆಂಟಿನ ಜಗಲಿಗೆ ಯಾರಾದರೂ ಮಟಮಟ ಮಧ್ಯಾಹ್ನ ಸಗಣಿ ಸಾರಿಸುತ್ತಾರೆಯೇ? ಮನೆ ಬಾಗಿಲಿಗೆ ಚಿಲಕ. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ದನ ಹೊಡೆಯುವ ಕೋಲು ಹಿಡಿದು ನಿಂತಿದ್ದಳು. ನಾನು ಆ ಕಡೆ ಹೋದ ಮೇಲೆ ನೀರಿನ ಟೇಬಲ್ಲಿನವರ ಹತ್ತಿರ ಹೋಗಿ ಎಲ್ಲಾ ಕೇಳಿ ತಿಳಿದುಕೊಂಡಿದ್ದಳಂತೆ.

"ಒತ್ತು ಮುಳುಗಿದ್ರೆ ಆ ದೊಡ್ಡ ರೇಸಿಗೆ ಸೇರ್ಸ್ಕೊಳ್ಳಲ್ವಂತಲ್ಲೇ, ಬಾಯಲ್ಲಿ ಏಳೋಕೆ ಏನಾಗಿತ್ತು ನಿಂಗೆ? ಓಡು!"

"ಒಂದೇ ಒಂದು ನಿಮಿಷ ಕೂತು..."

"ಎಲ್ಲಿ ಕುಂತ್ಕೋತೀಯಾ? ಸಗಣಿ ಮ್ಯಾಲಾ? ಕುಂತ್ರೆ ನೀನು ಏಳಲ್ಲ ಕಣೇ. ನನ್ನಿಂದ ನಿನ್ ರೇಸು ಕೆಡಬಾರ್ದು. ನಡಿ!"

ಕೋಲು ನೆಲಕ್ಕೆ ಬಡಿಯುತ್ತಾ ನನ್ನ ಹಿಂದೆಯೇ ಓಡಿಬಂದಳು. ಮೇಕೆಗಳನ್ನು ಬದಿಗೆ ಅಟ್ಟುತ್ತಾ, "ದಾರಿ ಬಿಡ್ರಲಾ, ನಮ್ಮುಡ್ಗಿ ಬತ್ತಾವ್ಳೆ!" ಎಂದು ಕೂಗುತ್ತಾ, ಊರಾಚೆಯ ಹುಣಸೆಮರದ ತನಕ ಬಂದಳು. ಅಲ್ಲಿ ಸೊಂಟ ಹಿಡಿದುಕೊಂಡು ನಿಂತಳು. ನನಗೆ ಅಳು ಬಂತು. ಅಳುತ್ತಲೇ ಓಡಿದೆ. ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿತ್ತು, ರೇಸಿನವರು ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಎಲ್ಲರಿಗಿಂತ ಕೊನೆಯವಳಾಗಿ, ತೆಂಗಿನಕಾಯಿ ಸಮೇತ ಗೆರೆ ದಾಟಿದೆ. ಹೊತ್ತಿನೊಳಗೇ ಬಂದೆ ಅಂತ ಅವರೇ ಹೇಳಿದರು.

ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೇ ಹೋದೆ. ಸಗಣಿ ಒಣಗಿತ್ತು, ಇಬ್ಬರೂ ಜಗಲಿಯ ಮೇಲೆ ಕೂತು ಮುದ್ದೆ ಉಂಡೆವು. ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು: "ಆ ದೊಡ್ಡ ರೇಸಿನ ದಾರೀಲಿ ನಮ್ಮೋರು ಯಾರವ್ರೆ?"

"ಯಾರೂ ಇಲ್ಲ ಚಿಕ್ಕಮ್ಮಾ."

ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಂದಳು: "ಅಂಗಾದ್ರೆ ನಾನೂ ಬತ್ತೀನಿ. ಅಲ್ಲಿ ಸಗಣಿ ಸಿಗ್ತದೇನೇ?"